ಸಮಕಾಲೀನ ಕಲೆ: ನೋಡುವುದು, ಬರೆಯುವುದು, ಪ್ರದರ್ಶನ ಕಟ್ಟುವುದು – ಹೊಸದಾಗಿ ಕಲಿಯುವವರಿಗೆ

ಸಮಕಾಲೀನ ಕಲೆಯ ಬಗ್ಗೆ ಗಂಭೀರವಾಗಿ ಓದಬೇಕು ಅಂತ ಮನಸ್ಸು ಮಾಡಿದವರು ಬಹಳ ಸಲ ಸಿದ್ಧಾಂತದ ದಪ್ಪ ಪುಸ್ತಕ ಹಿಡಿದು ಕೂರುತ್ತಾರೆ. ಹತ್ತು ಪುಟ ದಾಟುವಷ್ಟರಲ್ಲಿ ತಲೆ ಕೆಡುತ್ತದೆ. ಇದು ನಮಗಲ್ಲ ಅಂತ ಬಿಟ್ಟುಬಿಡುತ್ತಾರೆ. ನಾನು ಹೇಳುವ ದಾರಿ ಇದಕ್ಕೆ ಉಲ್ಟಾ. ಮೊದಲು ಕಲಾಕೃತಿ ನೋಡಿ. ನೋಡಿದ್ದನ್ನು ಕನ್ನಡದಲ್ಲಿ ಬರೆಯಿರಿ. ಬರೆಯುವಾಗ ಎಲ್ಲಿ ಸಿಕ್ಕಿಬೀಳುತ್ತೀರೋ ಅಲ್ಲಿ ಸಿದ್ಧಾಂತ ಓದಿ. ಆಮೇಲೆ ನಾಲ್ಕೈದು ಕೃತಿಗಳ ಸಣ್ಣ ಪ್ರದರ್ಶನ ಮಾಡಿ. ಪದವಿ, ಕೋರ್ಸು ಎಲ್ಲ ಅದಾದ ಮೇಲೆ.

ಇದಕ್ಕೆ ಕಾರಣ ಇದೆ. ಕಲಾ ಸಿದ್ಧಾಂತದ ಮುಖ್ಯ ಬರಹಗಳೆಲ್ಲ ಯಾವುದೋ ಒಂದು ಕೃತಿಯ ಮುಂದೆ ನಿಂತು ತಬ್ಬಿಬ್ಬಾದವರು ಬರೆದದ್ದು. ನಿಮಗೂ ಆ ತಬ್ಬಿಬ್ಬು ಆಗಿರದಿದ್ದರೆ ಅವರ ಉತ್ತರ ಅರ್ಥವಾಗುವುದು ಕಷ್ಟ.

ಮೊದಲು ನೋಡಿ, ನಿಧಾನವಾಗಿ

ಬೆಂಗಳೂರಿನಲ್ಲಿರುವವರಿಗೆ ಇದು ಸುಲಭ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಅಲ್ಲಿಂದ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ದೂರವಿಲ್ಲ. ಇನ್ನೊಂದು ದಿನ ಕಸ್ತೂರ್ಬಾ ರಸ್ತೆಗೆ ಹೋಗಿ. ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಆರ್ಟ್ ಗ್ಯಾಲರಿ, 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ (ಮ್ಯಾಪ್) ಎಲ್ಲ ಒಂದೇ ರಸ್ತೆಯಲ್ಲಿವೆ. ಹೊರಡುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿ. ಸೋಮವಾರ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ರಜೆ. ಶಾಂತಿನಗರದಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಕಟ್ಟಿ ಬೆಳೆಸಿದ 'ಒನ್ ಶಾಂತಿರೋಡ್' ಇದೆ. ಇನ್ನೂ ಒಣಗದ, ಅರ್ಧ ಯೋಚನೆಯಲ್ಲಿರುವ ಕೆಲಸಗಳು ಅಲ್ಲಿ ನೋಡಲು ಸಿಗುತ್ತವೆ. ಕಲಾವಿದರೂ ಮಾತಿಗೆ ಸಿಗುತ್ತಾರೆ.

ಬೆಂಗಳೂರಿನಿಂದ ದೂರ ಇದ್ದೀರಾ? ಮೈಸೂರಿನ ಕಾವಾ, ದಾವಣಗೆರೆ, ಕಲಬುರಗಿ, ಮಂಗಳೂರಿನ ಚಿತ್ರಕಲಾ ಕಾಲೇಜುಗಳ ವಿದ್ಯಾರ್ಥಿ ಪ್ರದರ್ಶನಗಳಿಗೆ ಹೋಗಿ. ವಿಮರ್ಶೆ ಕಲಿಯಲು ವಿದ್ಯಾರ್ಥಿಗಳ ಕೆಲಸಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿ ಯಾವ ಹೆಸರೂ ನಿಮ್ಮನ್ನು ಹೆದರಿಸುವುದಿಲ್ಲ. ಒಳ್ಳೆಯದು, ಅರೆಬೆಂದದ್ದು ಎರಡೂ ಪಕ್ಕಪಕ್ಕದಲ್ಲಿ ಇರುತ್ತವೆ. ಯಾವುದು ಯಾಕೆ ಹಾಗಾಯಿತು ಅಂತ ಕಣ್ಣಿಗೆ ಕಾಣುತ್ತದೆ.

ಒಂದು ಭೇಟಿಗೆ ಮೂರು ಕೃತಿ ಸಾಕು. ಗ್ಯಾಲರಿ ಪೂರ್ತಿ ಸುತ್ತಿ ಬನ್ನಿ, ಮೂರನ್ನು ಆರಿಸಿಕೊಳ್ಳಿ. ಒಂದೊಂದರ ಮುಂದೆ ಹದಿನೈದು, ಇಪ್ಪತ್ತು ನಿಮಿಷ ನಿಲ್ಲಿ. ಗೋಡೆಯ ಮೇಲಿನ ಬರಹವನ್ನು ಕೊನೆಯಲ್ಲಿ ಓದಿ. ಫೋಟೋ ತೆಗೆಯುವ ಮುಂಚೆ ಪುಸ್ತಕದಲ್ಲಿ ಒಂದು ಒರಟು ರೇಖಾಚಿತ್ರ ಬಿಡಿಸಿ. ಚಿತ್ರ ಬರೆಯಲು ಬರದಿದ್ದರೂ ಪರವಾಗಿಲ್ಲ. ಕೈ ಆಡಿದಾಗ ಕಣ್ಣು ತಪ್ಪಿಸಿಕೊಂಡದ್ದು ಗೊತ್ತಾಗುತ್ತದೆ. ಅಳತೆಯನ್ನು ಮೈಯಿಂದ ಗುರುತಿಸಿ: ನಿಮ್ಮ ಎದೆಯ ಮಟ್ಟಕ್ಕಿದೆಯಾ, ತಲೆ ಎತ್ತಿ ನೋಡಬೇಕಾ, ಬಗ್ಗಬೇಕಾ? ಮೈಸೂರಿನ ಎನ್.ಎಸ್. ಹರ್ಷ ಅವರ 'ಪುನರಪಿ ಜನನಂ ಪುನರಪಿ ಮರಣಂ' ಸುಮಾರು 80 ಅಡಿ ಉದ್ದದ ಚಿತ್ರ. ಅದು 2014ರ ಕೊಚ್ಚಿ ಬಿನಾಲೆಯಲ್ಲಿತ್ತು (ಬಿನಾಲೆ ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ). ಫೋನಿನ ಪರದೆಯಲ್ಲಿ ಅದೊಂದು ಸುರುಳಿ, ಅಷ್ಟೇ. ಎದುರಿಗೆ ನಿಂತರೆ ಆ ಸುರುಳಿಯ ಜೊತೆ ನೀವೇ ನಡೆಯಬೇಕು.

ನಾಲ್ಕು ಹಂತದಲ್ಲಿ ಬರೆಯಿರಿ

ವಿಮರ್ಶೆ ಕಲಿಸುವವರು ತುಂಬ ಕಾಲದಿಂದ ಬಳಸುತ್ತಿರುವ ಒಂದು ಕ್ರಮ ಇದೆ: ವರ್ಣನೆ, ವಿಶ್ಲೇಷಣೆ, ಅರ್ಥ, ತೀರ್ಪು. ಹಳೆಯದಾದರೂ ಗಟ್ಟಿ ಕ್ರಮ. ಶುರುವಿನಲ್ಲಿ ಇದನ್ನೇ ಹಿಡಿಯಿರಿ.

ಉದಾಹರಣೆಗೆ ಒಂದು ಕೃತಿ ತೆಗೆದುಕೊಳ್ಳೋಣ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಅವರ 'ಬಿಹೋಲ್ಡ್'. 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನವಾಯಿತು. ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಚಿತ್ರಗಳನ್ನು ಟೇಟ್‌ನ ಜಾಲತಾಣದಲ್ಲಿ ನೋಡಬಹುದು.

ವರ್ಣನೆ ಅಂದರೆ ಕಂಡದ್ದು ಮಾತ್ರ. ಗೋಡೆಯ ಮೇಲೆ, ನೆಲದ ಮೇಲೆ ಕಪ್ಪು ಹಗ್ಗಗಳ ರಾಶಿ. ಹಗ್ಗ ಮನುಷ್ಯರ ತಲೆಕೂದಲಿನದು. ಒಟ್ಟು ಸುಮಾರು 4 ಕಿಲೋಮೀಟರ್ ಉದ್ದ. ಹಗ್ಗಗಳ ನಡುವೆ ಹೊಳೆಯುವ ಉಕ್ಕಿನ ಕಾರ್ ಬಂಪರ್‌ಗಳು ನೇತಾಡುತ್ತಿವೆ. 'ಸುಂದರ', 'ಅದ್ಭುತ', 'ಮನಮುಟ್ಟುವ' ಇಂಥ ಪದಗಳಿಗೆ ಇಲ್ಲಿ ಜಾಗ ಇಲ್ಲ. ಈ ಕೃತಿಯನ್ನು ನೋಡದ ಸ್ನೇಹಿತೆಗೆ ಫೋನಿನಲ್ಲಿ ಹೇಳಿದರೆ ಅವಳು ಕಾಗದದ ಮೇಲೆ ಗೀಚಲು ಆಗಬೇಕು. ಅಷ್ಟು ಸ್ಪಷ್ಟವಾಗಿರಲಿ.

ವಿಶ್ಲೇಷಣೆಯಲ್ಲಿ ಭಾಗಗಳ ಸಂಬಂಧ ನೋಡುತ್ತೀರಿ. ಮೆತ್ತಗಿನದು ಕೂದಲು, ಗಟ್ಟಿ ಉಕ್ಕು. ಆದರೆ ಗಟ್ಟಿಯಾದದ್ದನ್ನು ಎತ್ತಿ ಹಿಡಿದಿರುವುದು ಮೆತ್ತಗಿನದು. ಒಂದು ಮೈಯಲ್ಲಿ ಬೆಳೆದದ್ದು, ಇನ್ನೊಂದು ಕಾರ್ಖಾನೆಯಲ್ಲಿ ತಯಾರಾದದ್ದು. ಉಕ್ಕು ಬೆಳಕನ್ನು ವಾಪಸ್ ಎಸೆಯುತ್ತದೆ, ಕೂದಲು ನುಂಗಿಕೊಳ್ಳುತ್ತದೆ.

ಅರ್ಥದ ಹಂತಕ್ಕೆ ಬಂದಾಗ ನಮ್ಮ ಓದುಗರಿಗೆ ಒಂದು ಅನುಕೂಲ ಇದೆ. ಹರಕೆ ಹೊತ್ತು ಮುಡಿ ಕೊಡುವುದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕೂದಲಿನ ಹಗ್ಗ ಕಟ್ಟುವುದನ್ನು ನಮ್ಮ ರಸ್ತೆಗಳಲ್ಲೇ ನೋಡಿದ್ದೇವೆ. ಶೀಲಾ ಅವರು ಈ ಕೃತಿಗೆ ಎತ್ತಿಕೊಂಡದ್ದು ಅದನ್ನೇ. ದೇವಸ್ಥಾನಗಳಲ್ಲಿ ಇಳಿಸಿದ ಉದ್ದ ಕೂದಲು ವಿಗ್ ಮಾಡಲು ಹೋಗುತ್ತದೆ, ತುಂಡು ಕೂದಲು ಇಂಥ ಹಗ್ಗವಾಗುತ್ತದೆ. ಅಲ್ಲಿಗೆ ಈ ಕೃತಿಯಲ್ಲಿ ಭಕ್ತಿ ಇದೆ, ಭಯ ಇದೆ, ವ್ಯಾಪಾರ ಇದೆ. ಯಾರೆಂದು ಗೊತ್ತಿಲ್ಲದ ಸಾವಿರಾರು ಜನರ ಮೈಯ ಒಂದು ಭಾಗ ಇದೆ. ವೆನಿಸ್‌ನ ಪ್ರೇಕ್ಷಕರಿಗೆ ಇದು ಗೋಡೆಬರಹದಿಂದ ತಿಳಿಯಬೇಕು. ನಿಮಗೆ ತಾನಾಗಿ ತಿಳಿಯುತ್ತದೆ. ಸಿದ್ಧಾಂತ ಬರುವುದಿಲ್ಲ ಅಂತ ಹಿಂಜರಿಯುವವರು ಈ ಬಂಡವಾಳವನ್ನು ಮರೆತುಬಿಡುತ್ತಾರೆ. ದಯವಿಟ್ಟು ಮರೆಯಬೇಡಿ.

ತೀರ್ಪು ಕೊನೆಗೆ. ಅದು ಇಷ್ಟವಾಯಿತು, ಆಗಲಿಲ್ಲ ಅಂತ ಹೇಳುವುದಲ್ಲ. ಈ ಕೃತಿ ಏನು ಮಾಡಲು ಹೊರಟಿದೆ, ಅದನ್ನು ಮಾಡಿದೆಯಾ, ಅದು ಮಾಡುವಷ್ಟು ಮುಖ್ಯವಾದ ಕೆಲಸವಾ – ಈ ಮೂರಕ್ಕೆ ಕಾರಣ ಕೊಟ್ಟು ಉತ್ತರಿಸಿ. ನಿಮ್ಮ ತೀರ್ಪನ್ನು ಒಪ್ಪದವರೂ ನಿಮ್ಮ ಕಾರಣಗಳನ್ನು ಹಿಡಿದು ವಾದ ಮಾಡುವಂತಿರಬೇಕು.

ಹೀಗೆ ತಿಂಗಳಿಗೆ ಎರಡು ಬರಹ, ಒಂದೊಂದು 500 ಪದ. ಬರೆದ ಮೇಲೆ ಜೋರಾಗಿ ಓದಿ. 'ಅಸ್ಮಿತೆಯ ಸಂಕಥನ', 'ದೃಶ್ಯ ಸಂವೇದನೆಯ ನೆಲೆ' ಇಂಥವು ಬಂದರೆ ನಿಲ್ಲಿ. ಅದನ್ನು ಅಂಗಡಿ ಕನ್ನಡದಲ್ಲಿ ಹೇಳಲು ಆಗುತ್ತದಾ ನೋಡಿ. ಆಗದಿದ್ದರೆ ನಿಮಗೇ ಅದು ಇನ್ನೂ ಸ್ಪಷ್ಟವಾಗಿಲ್ಲ ಅಂತ ಅರ್ಥ.

ಪ್ರಶ್ನೆ ಹುಟ್ಟಿದ ಮೇಲೆ ಸಿದ್ಧಾಂತ

ಬರೆಯಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಪ್ರಶ್ನೆಗಳು ಏಳುತ್ತವೆ. ಪ್ರತಿ ಪ್ರಶ್ನೆಗೂ ಒಂದು ಪ್ರಬಂಧದ ಬಾಗಿಲು ಇದೆ. ಇಡೀ ಪುಸ್ತಕ ಬೇಡ, ಒಂದು ಪ್ರಬಂಧ ಸಾಕು.

ಅಂಗಡಿಯಲ್ಲಿ ಸಿಗುವ ವಸ್ತುವನ್ನು ತಂದಿಟ್ಟರೆ ಅದು ಕಲೆ ಹೇಗೆ? ಈ ಗಲಾಟೆ ಮಾರ್ಸೆಲ್ ದುಶಾಂಪ್ 1917ರಲ್ಲಿ ಮೂತ್ರದ ಬೇಸಿನ್ನನ್ನು ಪ್ರದರ್ಶನಕ್ಕೆ ಕಳಿಸಿದಾಗಿನಿಂದ ಇದೆ. ಆಂಡಿ ವಾರ್ಹೊಲ್ ಸೋಪಿನ ಡಬ್ಬಗಳಂತೆಯೇ ಕಾಣುವ ಡಬ್ಬ ಮಾಡಿಟ್ಟಾಗ ತತ್ವಶಾಸ್ತ್ರದ ಅಧ್ಯಾಪಕ ಆರ್ಥರ್ ಡಾಂಟೊ 1964ರಲ್ಲಿ ಒಂದು ಪ್ರಬಂಧ ಬರೆದರು. ಎರಡು ವಸ್ತು ಒಂದೇ ಥರ ಕಂಡರೂ ಒಂದು ಕಲೆ, ಇನ್ನೊಂದು ಅಲ್ಲ ಅಂತಾದರೆ ವ್ಯತ್ಯಾಸ ಕಣ್ಣಿಗೆ ಕಾಣುವುದರಲ್ಲಿ ಇರಲು ಸಾಧ್ಯವಿಲ್ಲ ಅನ್ನುವುದು ಅವರ ವಾದ. ಅದು ಆ ಕಾಲದ ಕಲಾ ಇತಿಹಾಸ, ಸಿದ್ಧಾಂತಗಳಿಂದ ಬರುತ್ತದೆ. ಇಲ್ಲಿಂದ ಓದು ಶುರು ಮಾಡಿ.

ಕಲಾ ಇತಿಹಾಸದಲ್ಲಿ ಹೆಂಗಸರ ಹೆಸರು ಯಾಕಿಷ್ಟು ಕಡಿಮೆ ಅಂತ ಅನಿಸಿದರೆ ಲಿಂಡಾ ನಾಕ್ಲಿನ್ 1971ರಲ್ಲಿ ಬರೆದ ಪ್ರಬಂಧ ಓದಿ. ಪ್ರತಿಭೆಯ ಮಾತು ಬದಿಗಿಟ್ಟು, ಯಾರಿಗೆ ತರಬೇತಿ ಸಿಕ್ಕಿತು, ಯಾರಿಗೆ ಬಾಗಿಲು ಮುಚ್ಚಿತ್ತು ಅಂತ ಅವರು ಕೇಳುತ್ತಾರೆ. ಅದನ್ನು ಓದಿ ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಕೆಲಸ ನೋಡಿ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ 2000ರಿಂದ 2004ರವರೆಗೆ ಮಾಡಿದ ಚಿತ್ರಮಾಲೆಯಲ್ಲಿ ಪುಷ್ಪಮಾಲಾ ತಾವೇ ರವಿವರ್ಮನ ಲಕ್ಷ್ಮಿ ಆಗುತ್ತಾರೆ. ಪತ್ರಿಕೆಯಲ್ಲಿ ಬಂದ ಕಳ್ಳಿಯೂ ಆಗುತ್ತಾರೆ. ಬ್ರಿಟಿಷರು ಅಳತೆಪಟ್ಟಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದ 'ನೇಟಿವ್' ಹೆಂಗಸೂ ಆಗುತ್ತಾರೆ. ನಮ್ಮ ಕ್ಯಾಲೆಂಡರ್ ಚಿತ್ರಗಳು ನಮ್ಮ ಕಣ್ಣನ್ನು ಹೇಗೆ ಪಳಗಿಸಿವೆ ಅಂತ ಆ ಫೋಟೋಗಳು ತೋರಿಸುತ್ತವೆ. ಪ್ರಬಂಧ, ಕೃತಿ ಎರಡೂ ಒಂದನ್ನೊಂದು ಬೆಳಗುತ್ತವೆ.

ಗ್ಯಾಲರಿಯ ಗೋಡೆ ಯಾಕೆ ಯಾವಾಗಲೂ ಬಿಳಿ ಅಂತ ಕೇಳಿದವರಿಗೆ ಬ್ರಯನ್ ಓಡೊಹರ್ಟಿ 1976ರಲ್ಲಿ ಬರೆದ ಲೇಖನಗಳಿವೆ. ಪ್ರತಿ, ಮೂಲ, ಫೋನಿನಲ್ಲಿ ಹಂಚುವ ಚಿತ್ರ ಇವುಗಳ ಬಗ್ಗೆ ಯೋಚಿಸುವವರು ವಾಲ್ಟರ್ ಬೆಂಜಮಿನ್‌ನ 1930ರ ದಶಕದ ಪ್ರಬಂಧಕ್ಕೆ ಹೋಗಲೇಬೇಕು. ಭಾರತದ ಮಟ್ಟಿಗೆ ಕಲಾ ವಿಮರ್ಶಕಿ ಗೀತಾ ಕಪೂರ್ ಅವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಆಧುನಿಕತೆ ಯೂರೋಪಿನಿಂದ ತಡವಾಗಿ ಬಂದ ಪಾರ್ಸೆಲ್ ಅನ್ನುವ ಯೋಚನೆಯನ್ನು ಅವರು ಗಟ್ಟಿಯಾಗಿ ಪ್ರಶ್ನಿಸಿದವರು. ಅವರ ವಾಕ್ಯಗಳು ಕಷ್ಟ. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಅದನ್ನು ಎರಡು ಕನ್ನಡ ವಾಕ್ಯದಲ್ಲಿ ಬರೆದು ನೋಡಿ. ನಿಧಾನ ಆಗುತ್ತದೆ, ಆದರೆ ಓದಿದ್ದು ನಿಮ್ಮದಾಗುತ್ತದೆ.

ಇಬ್ಬರು ಮೂವರು ಸೇರಿ ಓದಿದರೆ ಇನ್ನೂ ಒಳ್ಳೆಯದು. ವಾರಕ್ಕೊಂದು ಸಂಜೆ, ಒಂದು ಪ್ರಬಂಧ, ಜೊತೆಗೆ ಒಂದು ಕೃತಿಯ ಚಿತ್ರ. ಕೃತಿ ಇಲ್ಲದೆ ಬರೀ ಪ್ರಬಂಧ ಚರ್ಚೆ ಮಾಡಿದರೆ ಮಾತು ಗಾಳಿಯಲ್ಲಿ ತೇಲುತ್ತದೆ.

ಉಚಿತವಾಗಿ ಓದಲು ಮ್ಯಾಪ್ ಅಕಾಡೆಮಿಯ ಆನ್‌ಲೈನ್ ವಿಶ್ವಕೋಶ ಮತ್ತು ಕೋರ್ಸುಗಳಿವೆ. ಹಾಂಕಾಂಗಿನ ಏಷ್ಯಾ ಆರ್ಟ್ ಆರ್ಕೈವ್‌ನಲ್ಲಿ ಭಾರತದ ಕಲಾವಿದರ, ವಿಮರ್ಶಕರ ಕಾಗದಪತ್ರಗಳು ಸಾಕಷ್ಟಿವೆ.

ನಮ್ಮೂರಿನ ಕಲಾ ಇತಿಹಾಸ ನೀವೇ ದಾಖಲಿಸಿ

ಇದು ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಬರೋಡಾ, ಶಾಂತಿನಿಕೇತನಗಳ ಬಗ್ಗೆ ಓದಲು ಬೇಕಾದಷ್ಟಿದೆ. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಕಟ್ಟಿದ ಕೆನ್ ಕಲಾಶಾಲೆಯಿಂದ ಎಷ್ಟು ಕಲಾವಿದರು ಹೊರಬಂದರು, ಅಲ್ಲಿ ಪಾಠ ಹೇಗೆ ನಡೆಯುತ್ತಿತ್ತು ಅಂತ ಹುಡುಕಿ. ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಸಣ್ಣ ಊರುಗಳ ಡ್ರಾಯಿಂಗ್ ಮೇಷ್ಟ್ರುಗಳ ಬಗ್ಗೆ ಅಂತೂ ಇನ್ನೂ ಕಡಿಮೆ. ಸೈನ್‌ಬೋರ್ಡ್ ಬರೆಯುತ್ತಿದ್ದವರು, ನಾಟಕ ಕಂಪನಿಯ ಪರದೆ ಬರೆದವರು, ಸ್ಟುಡಿಯೊ ಹಿನ್ನೆಲೆ ಚಿತ್ರಿಸಿದವರು ವಯಸ್ಸಾಗಿ ಮನೆಯಲ್ಲಿದ್ದಾರೆ. ಅವರನ್ನು ಮಾತಾಡಿಸಲು ಪದವಿ ಬೇಡ.

ಹೋಗುವ ಮುಂಚೆ ಸ್ವಲ್ಪ ತಯಾರಿ ಇರಲಿ. ಅವರ ಕೆಲಸ ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಿ. 'ನಿಮ್ಮ ಕಲೆಯ ಬಗ್ಗೆ ಹೇಳಿ ಸರ್' ಅಂದರೆ ಎಲ್ಲರೂ ಅದೇ ನಾಲ್ಕು ಮಾತು ಹೇಳುತ್ತಾರೆ. ಬಣ್ಣ ಎಲ್ಲಿಂದ ತರುತ್ತಿದ್ದಿರಿ, ಒಂದು ಪರದೆಗೆ ಎಷ್ಟು ಕೊಡುತ್ತಿದ್ದರು, ಜೊತೆಗೆ ಯಾರಿದ್ದರು, ಯಾವ ಪತ್ರಿಕೆ ನೋಡಿ ನಕಲು ಮಾಡುತ್ತಿದ್ದಿರಿ – ಇಂಥದ್ದನ್ನು ಕೇಳಿ. ವಸ್ತುವಿನ ಬಗ್ಗೆ ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ರೆಕಾರ್ಡ್ ಮಾಡಲು ಮೊದಲೇ ಅನುಮತಿ ಪಡೆಯಿರಿ. ಹಳೆಯ ಆಹ್ವಾನ ಪತ್ರಿಕೆ, ಕ್ಯಾಟಲಾಗ್, ಪತ್ರಿಕೆಯ ತುಣುಕು ಇದ್ದರೆ ಅಲ್ಲೇ ಕೂತು ಫೋಟೋ ತೆಗೆದುಕೊಳ್ಳಿ, ಮನೆಗೆ ಒಯ್ಯಬೇಡಿ. ಫೈಲಿಗೆ ದಿನಾಂಕ, ಊರು, ವ್ಯಕ್ತಿಯ ಹೆಸರು ಅವತ್ತೇ ಕೊಡಿ. ಕೆಲಸ ಮುಗಿದ ಮೇಲೆ ಒಂದು ಪ್ರತಿ ಅವರ ಮನೆಗೆ ತಲುಪಿಸಿ.

ಕಲೆಯ ಜಾಗಗಳೂ ಇತಿಹಾಸದ ಭಾಗವೇ. 2016ರಲ್ಲಿ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದದ ವಿರುದ್ಧ ಬೆಂಗಳೂರಿನ ಕಲಾವಿದರು ಬೀದಿಗಿಳಿದರು. ಸಾರ್ವಜನಿಕ ಗ್ಯಾಲರಿ ಯಾರದ್ದು, ಬಾಡಿಗೆ ಕಡಿಮೆ ಇರುವ ಜಾಗ ಹೊಸಬರಿಗೆ ಯಾಕೆ ಬೇಕು ಅನ್ನುವ ಪ್ರಶ್ನೆಗಳು ಆಗ ಎದ್ದವು. ಎರಡೂ ಕಡೆಯ ವಾದ ಓದಿ. ಕ್ಯುರೇಟರ್, ಅಂದರೆ ಪ್ರದರ್ಶನ ಕಟ್ಟುವವರು, ಆಗಬೇಕು ಅನ್ನುವವರಿಗೆ ಅದಕ್ಕಿಂತ ಹತ್ತಿರದ ಪಾಠ ಬೇರೆ ಇಲ್ಲ.

ಕೆಲಸ ದೊಡ್ಡದಾದರೆ ಹಣ ಬೇಕಾಗುತ್ತದೆ. 1993ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾ ಸಂಶೋಧನೆಗೆ ಅನುದಾನ ಕೊಡುತ್ತದೆ. ಅವರಿಗೆ ಭಾರತೀಯ ಭಾಷೆಗಳಲ್ಲೂ ಅರ್ಜಿ ಬರೆಯಬಹುದು. ಕನ್ನಡದಲ್ಲೇ ಬರೆಯಿರಿ.

ಸಣ್ಣ ಪ್ರದರ್ಶನ ಕಟ್ಟಿ

ಕ್ಯುರೇಟರ್ ಅಂದರೆ ಮೊದಲು ಮ್ಯೂಸಿಯಂ ಸಂಗ್ರಹವನ್ನು ಕಾಪಾಡುವವರು. 1969ರಲ್ಲಿ ಹರಾಲ್ಡ್ ಝೀಮನ್ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಮಾಡಿದ ಪ್ರದರ್ಶನದಿಂದ ಆ ಪಾತ್ರ ಬದಲಾಯಿತು. ಕಲಾವಿದರು ಗ್ಯಾಲರಿಯೊಳಗೇ ಕೃತಿ ಮಾಡಿದರು, ಊರಿನವರು ಸಿಟ್ಟಾದರು, ಝೀಮನ್ ಕೆಲಸ ಬಿಟ್ಟರು. 1972ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಪ್ರದರ್ಶನವನ್ನೂ ಅವರೇ ನಡೆಸಿದರು. ಆಗ ಕಲಾವಿದ ಡೇನಿಯಲ್ ಬ್ಯೂರೆನ್ ಒಂದು ಆಕ್ಷೇಪ ಎತ್ತಿದ: ಈಗ ಪ್ರದರ್ಶನವೇ ಕಲಾಕೃತಿಯಾಗಿದೆ, ನಮ್ಮ ಕೃತಿಗಳು ಅದಕ್ಕೆ ಬಣ್ಣದ ತುಣುಕುಗಳಾಗಿವೆ. ಈ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಕೊಚ್ಚಿ ಬಿನಾಲೆ ಬೇರೆ ದಾರಿ ಹಿಡಿಯಿತು. 2012ರಲ್ಲಿ ಕಲಾವಿದರಾದ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಅದನ್ನು ಶುರು ಮಾಡಿದರು. ನಂತರದ ಆವೃತ್ತಿಗಳನ್ನೂ ಕಲಾವಿದರೇ ಕಟ್ಟಿದರು. 2016ರದ್ದು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ ಅವರದ್ದು. ಒಮ್ಮೆಯಾದರೂ ಕೊಚ್ಚಿಗೆ ಹೋಗಿ. ಅಲ್ಲಿನ ಸ್ಟೂಡೆಂಟ್ಸ್ ಬಿನಾಲೆಯನ್ನು ತಪ್ಪಿಸಬೇಡಿ.

ನಿಮ್ಮ ಮೊದಲ ಪ್ರದರ್ಶನ ಆರು ಕೃತಿಗಿಂತ ಜಾಸ್ತಿ ಬೇಡ. ಗ್ರಂಥಾಲಯದ ಕೋಣೆ, ಶಾಲೆಯ ಹಜಾರ, ಸ್ನೇಹಿತರ ಖಾಲಿ ಮನೆ, ಯಾವುದಾದರೂ ಆದೀತು. ಮೊದಲು ಒಂದು ಪ್ರಶ್ನೆ ಬೇಕು. 'ಪ್ರಕೃತಿ', 'ಹೆಣ್ಣು', 'ನೆನಪು' ಇವು ವಿಷಯಗಳು, ಪ್ರಶ್ನೆಗಳಲ್ಲ. 'ಫೋಟೋ ಸ್ಟುಡಿಯೊದ ಬಣ್ಣದ ಪರದೆ ನಮ್ಮ ಊರಿನವರಿಗೆ ಯಾವ ಕನಸು ಕೊಟ್ಟಿತು?' – ಇದು ಪ್ರಶ್ನೆ. ಇದರ ಸುತ್ತ ಹಳೆಯ ಫೋಟೋಗಳು, ಒಂದು ಪರದೆ, ಈಗಿನ ಇಬ್ಬರು ಯುವ ಕಲಾವಿದರ ಕೆಲಸ ಸೇರಿಸಬಹುದು ಅಲ್ವಾ?

ಕೋಣೆಯನ್ನು ಟೇಪ್ ಹಿಡಿದು ಅಳೆಯಿರಿ. ಕಿಟಕಿ, ಸ್ವಿಚ್, ಪ್ಲಗ್ ಎಲ್ಲಿವೆ ಅಂತ ಕಾಗದದ ಮೇಲೆ ನಕ್ಷೆ ಬರೆಯಿರಿ. ಕೃತಿಗಳ ಆಕಾರವನ್ನೂ ನಕ್ಷೆಯ ಪ್ರಮಾಣದಲ್ಲೇ ಕಾಗದದಲ್ಲಿ ಕತ್ತರಿಸಿ ಅದರ ಮೇಲೆ ಸರಿಸುತ್ತಾ ನೋಡಿ. ಯಾವುದರ ಪಕ್ಕ ಯಾವುದು ಬಂದರೆ ಏನು ಹೇಳುತ್ತದೆ ಅನ್ನುವುದೇ ಕ್ಯುರೇಟರ್ ಬರೆಯುವ ವಾಕ್ಯ. ಚಿತ್ರದ ಮಧ್ಯಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ. ಮಕ್ಕಳು ಜಾಸ್ತಿ ಬರುವ ಜಾಗವಾದರೆ ಇಳಿಸಿ. ಜಲವರ್ಣ, ಬಟ್ಟೆ, ಹಳೆಯ ಬಣ್ಣದ ಫೋಟೋಗಳಿಗೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು. ತೈಲವರ್ಣ 200ರವರೆಗೆ ತಡೆಯುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಯನ್ನು ಸುಮ್ನೆ ಬಿಟ್ಟುಬಿಡಿ.

ಕೃತಿ ತರುವಾಗ ಕಾಗದದ ಮೇಲೆ ಒಪ್ಪಂದ ಇರಲಿ: ಯಾರದ್ದು, ಎಷ್ಟು ದಿನಕ್ಕೆ, ಹಾನಿಯಾದರೆ ಯಾರ ಹೊಣೆ. ಬಂದ ದಿನವೇ ನಾಲ್ಕೂ ಮೂಲೆ, ಹಿಂಭಾಗ ಫೋಟೋ ತೆಗೆದು ಈಗಾಗಲೇ ಇರುವ ಗೀರು, ಕೊಳೆಯ ಗುರುತು ಬರೆದಿಡಿ. ವಾಪಸ್ ಕೊಡುವಾಗ ಅದೇ ಹಾಳೆ ಇಬ್ಬರೂ ನೋಡಿ ಸಹಿ ಮಾಡಿ. ಬಜೆಟ್ಟಿನಲ್ಲಿ ಮೊದಲ ಸಾಲು ಕಲಾವಿದರ ಸಂಭಾವನೆ. ಸಾವಿರ ರೂಪಾಯಿ ಆದರೂ ಸರಿ. ಬ್ಯಾನರಿಗೆ, ಚಹಾಕ್ಕೆ ದುಡ್ಡಿದೆ ಅಂದರೆ ಕಲಾವಿದರಿಗೂ ಇರಬೇಕು.

ಚಿತ್ರ ಕೊಂಡವರಿಗೆ ಅದರ ಹಕ್ಕುಸ್ವಾಮ್ಯ ತಾನಾಗಿ ಬರುವುದಿಲ್ಲ. ಅದು ಸಾಮಾನ್ಯವಾಗಿ ಕಲಾವಿದರ ಹತ್ತಿರವೇ ಉಳಿಯುತ್ತದೆ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ವಿಮರ್ಶೆಗೆ ಹೆಸರು ಹಾಕಿ ಚಿತ್ರ ಬಳಸಲು 1957ರ ಕಾಯ್ದೆ ಅವಕಾಶ ಕೊಡುತ್ತದೆ. ಕ್ಯಾಟಲಾಗು, ಪೋಸ್ಟರುಗಳಿಗೆ ಕೇಳಿಯೇ ಹಾಕಿ.

ಗೋಡೆಬರಹ 120, 150 ಪದ ಮೀರದಿರಲಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ, ಅಕ್ಷರ ದೊಡ್ಡದಿರಲಿ. ಪ್ರದರ್ಶನ ನಡೆಯುವಷ್ಟು ದಿನ ನೀವೇ ಅಲ್ಲಿರಿ. ಜನ ಎಲ್ಲಿ ನಿಂತರು, ಯಾವುದನ್ನು ದಾಟಿಹೋದರು ಅಂತ ಗಮನಿಸಿ.

ಕ್ಯುರೇಟರ್‌ನ ಹೊಣೆ ಎಷ್ಟು ದೊಡ್ಡದು ಅಂತ ತಿಳಿಯಲು 2022ರ ಡಾಕ್ಯುಮೆಂಟಾ ಪ್ರಸಂಗ ಓದಿ. ಜಕಾರ್ತಾದ ರುವಾಂಗ್‌ರುಪಾ ಗುಂಪು ಅದನ್ನು ಕಟ್ಟಿತ್ತು. ಅಧಿಕಾರವನ್ನು ನೂರಾರು ಕಲಾವಿದರ ನಡುವೆ ಹಂಚಿದ ಒಳ್ಳೆಯ ಯೋಚನೆ ಅದು. ಆದರೆ ಇಂಡೋನೇಷ್ಯಾದ ಇನ್ನೊಂದು ಗುಂಪಿನ ದೊಡ್ಡ ಬ್ಯಾನರಿನಲ್ಲಿ ಯಹೂದಿಗಳನ್ನು ಹೀನವಾಗಿ ತೋರಿಸಿದ ಚಿತ್ರಗಳಿದ್ದವು. ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ ಅದನ್ನು ಇಳಿಸಬೇಕಾಯಿತು. ನಿರ್ದೇಶಕಿ ಹುದ್ದೆ ಬಿಟ್ಟರು. ಪ್ರತಿ ಕೃತಿಯನ್ನೂ ಮೂಲೆ ಮೂಲೆ ನೋಡುವವರು ಒಬ್ಬರು ಇರಲೇಬೇಕು.

ಕೋರ್ಸು ಬೇಕು ಅನಿಸಿದರೆ

ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಕಲಾ ಇತಿಹಾಸ ವಿಭಾಗ, ದೆಹಲಿಯ ಜೆಎನ್‌ಯು ಕಲೆ ಮತ್ತು ಸೌಂದರ್ಯಶಾಸ್ತ್ರ ಶಾಲೆ, ಶಾಂತಿನಿಕೇತನದ ಕಲಾಭವನ – ಇವು ಗಟ್ಟಿ ಜಾಗಗಳು. ಮುಂಬೈನ ಜ್ಞಾನಪ್ರವಾಹ ಸಂಸ್ಥೆ ಸೌಂದರ್ಯಶಾಸ್ತ್ರ, ವಿಮರ್ಶೆ, ಸಿದ್ಧಾಂತಗಳ ಕೋರ್ಸು ನಡೆಸಿಕೊಂಡು ಬಂದಿದೆ. ಕೆಲಸದಲ್ಲಿರುವವರಿಗೆ ಇಂಥ ಕೋರ್ಸು ಅನುಕೂಲ. ಹೊರದೇಶದಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್, ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜು, ಆಮ್‌ಸ್ಟರ್‌ಡ್ಯಾಮಿನ ಡಿ ಆಪೆಲ್ ಕ್ಯುರೇಟಿಂಗ್‌ಗೆ ಹೆಸರಾದವು. ಖರ್ಚು ದೊಡ್ಡದು. ವಿದ್ಯಾರ್ಥಿವೇತನ ಸಿಗದೆ ಸಾಲ ಮಾಡಿ ಹೋಗಬೇಡಿ ಅಂತಲೇ ನಾನು ಹೇಳುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ಸಂಬಳ ನಿಧಾನಕ್ಕೆ ಬರುತ್ತದೆ.

ಅರ್ಜಿಯ ಜೊತೆ ಸಾಮಾನ್ಯವಾಗಿ ಬರಹದ ಮಾದರಿ ಕೇಳುತ್ತಾರೆ. ಸಿದ್ಧಾಂತಿಗಳ ಹೆಸರು ತುಂಬಿದ ಪ್ರಬಂಧಕ್ಕಿಂತ, ನೀವು ನಿಂತು ನೋಡಿದ ಒಂದು ಕೃತಿಯ ಬಗ್ಗೆ ಬರೆದ ವಿಮರ್ಶೆ ಕಳಿಸಿ. ಕನ್ನಡದ ಮೂಲವನ್ನೂ ಅನುವಾದದ ಜೊತೆ ಲಗತ್ತಿಸಿ. ನಿಮ್ಮ ಸಣ್ಣ ಪ್ರದರ್ಶನದ ನಕ್ಷೆ, ಗೋಡೆಬರಹ, ನಾಲ್ಕು ಫೋಟೋ ಸೇರಿಸಿ. ಅಲ್ಲಿ ಈಗ ಯಾರು ಪಾಠ ಮಾಡುತ್ತಿದ್ದಾರೆ ಅಂತ ನೋಡಿ, ಅವರದ್ದೊಂದು ಲೇಖನ ಓದಿ. ಆಮೇಲೆ ಅಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿಗೆ ಬರೆದು ಮೂರು ಪ್ರಶ್ನೆ ಕೇಳಿ: ಗ್ರಂಥಾಲಯ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಮೇಷ್ಟ್ರುಗಳು ಬರಹವನ್ನು ಓದಿ ತಿದ್ದಿ ಕೊಡುತ್ತಾರಾ, ಕೋರ್ಸಿನಲ್ಲಿ ನಿಜವಾದ ಪ್ರದರ್ಶನ ಮಾಡಲು ಅವಕಾಶ ಇದೆಯಾ.